ಗುಂಯ್‌ಗುಡುವ ಆಂಪ್ಲಿಫೈಯರ್: ಯಾವ ಗ್ರೌಂಡಿಂಗ್ ಯಾರಿಗೆ?

ಹಾರ್ಮೋನಿಯಮ್‌ನ ಮೊದಲ ಕರಿ ಮನೆಯನ್ನು ಷಡ್ಜವಾಗಿ ಇಟ್ಟುಕೊಂಡು ಹಾಡುವ ಗಾಯಕರ ಹಿಂದೆ ತಂಬೂರಿಯ ಪಂಚಮದ ತಂತಿ ಸುಮಾರು 104 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಸ್‌ನದು. ಆಂಪ್ಲಿಫೈಯರ್ ಒಳಗೆ ಅದು ಡಿಸಿ ಆಗುವಾಗ ಉಳಿಯುವ ಏರಿಳಿತ 100 ಹರ್ಟ್ಸ್. ಗ್ರೌಂಡಿಂಗ್, ಅಂದರೆ ಕರೆಂಟು ಮರಳುವ ತಂತಿಗಳನ್ನು ಒಂದಕ್ಕೊಂದು ಸೇರಿಸುವ ಬಗೆ, ಕೆಟ್ಟಿದ್ದರೆ ಆ 100 ಹರ್ಟ್ಸ್ ಸ್ಪೀಕರ್‌ನಿಂದ ಹೊರಬಂದು, ತಂಬೂರಿಯ ಪಂಚಮದ ಪಕ್ಕದಲ್ಲೇ ಅಪಸ್ವರವಾಗಿ ಕೂತು, ಸೆಕೆಂಡಿಗೆ ನಾಲ್ಕು ಬಾರಿ ಅದನ್ನು ಅಲುಗಾಡಿಸುತ್ತದೆ. ನಾನು ಕೈಯಾರೆ ಕಟ್ಟಿದ ಮೊದಲ ಆಂಪ್ಲಿಫೈಯರ್‌ನಲ್ಲಿ ಒಂದು ವಿಲಂಬಿತ ಖಯಾಲ್ ಹಾಕಿಕೊಂಡು ಕೂತ ರಾತ್ರಿ ನನಗೆ ಕೇಳಿಸಿದ್ದು ಇದೇ. ಹಾಡು ನಡೆಯುತ್ತಿತ್ತು, ಶ್ರುತಿ ನಿಲ್ಲುತ್ತಿರಲಿಲ್ಲ.

ಗುಂಯ್ ಸದ್ದಿಗೆ ಪರಿಹಾರ ಕೇಳಿದರೆ ಒಬ್ಬರು ಎಲ್ಲ ಗ್ರೌಂಡ್‌ಗಳನ್ನೂ ಒಂದೇ ಬಿಂದುವಿಗೆ ತನ್ನಿ ಎನ್ನುತ್ತಾರೆ, ಇನ್ನೊಬ್ಬರು ದಪ್ಪ ತಾಮ್ರದ ತಂತಿ ಎಳೆಯಿರಿ ಎನ್ನುತ್ತಾರೆ, ಮತ್ತೊಬ್ಬರು ತಂತಿಯ ನೇರ ನಂಟಿಲ್ಲದೆ ಸಿಗ್ನಲ್ ದಾಟಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕೊಳ್ಳಿ ಎನ್ನುತ್ತಾರೆ. ಎಲ್ಲವೂ ಒಂದೊಂದು ಸಂದರ್ಭದಲ್ಲಿ ಸರಿ. ಬೇಡದ ಕರೆಂಟು ಯಾವ ತಂತಿಯಲ್ಲಿ ಹರಿಯುತ್ತಿದೆ ಎಂದು ಗೊತ್ತಾಗದೆ ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಅದು ಕುರುಡು ಪ್ರಯತ್ನವಾಗುತ್ತದೆ.

ಹೋಲಿಕೆಗೆ ಮೊದಲು ಒಂದು ಆಯ್ಕೆಯನ್ನು ಪಟ್ಟಿಯಿಂದಲೇ ತೆಗೆದುಹಾಕುತ್ತೇನೆ. ಮೂರು ಪಿನ್ನಿನ ಪ್ಲಗ್‌ನಲ್ಲಿ ದಪ್ಪಗೆ, ಉದ್ದಕ್ಕೆ ಇರುವ ಅರ್ತ್ ಪಿನ್ನನ್ನು ತೆಗೆದುಬಿಟ್ಟರೆ ಗುಂಯ್ ನಿಲ್ಲುತ್ತದೆ ಎಂದು ಹೇಳಿಕೊಡುವವರಿದ್ದಾರೆ. ಹಲವು ಬಾರಿ ನಿಂತೂ ನಿಲ್ಲುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಷನ್ ಒಂದು ದಿನ ಸುಟ್ಟರೆ 230 ವೋಲ್ಟ್ ನೇರವಾಗಿ ಲೋಹದ ಪೆಟ್ಟಿಗೆಗೆ ಬರುತ್ತದೆ, ಅಲ್ಲಿಂದ ಸಂಗೀತದ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ ಹಿಡಿದು ಟಿವಿಗೂ ಡಿವಿಡಿ ಪ್ಲೇಯರ್‌ಗೂ ಹೋಗುತ್ತದೆ. ಆ ಪೆಟ್ಟಿಗೆಯ ವಾಲ್ಯೂಮ್ ತಿರುಗಿಸುವುದು ಮನೆಯ ಮಕ್ಕಳು. ದಯವಿಟ್ಟು ಇದನ್ನು ಪ್ರಯೋಗಕ್ಕೂ ಮಾಡಬೇಡಿ.

ಮೊದಲು ಪತ್ತೆ, ಆಮೇಲೆ ಆಯ್ಕೆ

ಒಂದು ಆರ್‌ಸಿಎ ಪ್ಲಗ್ ತೆಗೆದುಕೊಂಡು ಅದರ ನಡುವಿನ ಪಿನ್ನನ್ನೂ ಹೊರಗಿನ ಉಂಗುರವನ್ನೂ ಒಂದಕ್ಕೊಂದು ಬೆಸುಗೆ ಹಾಕಿ. ಹೀಗೆ ಎರಡು ಮಾಡಿಟ್ಟುಕೊಳ್ಳಿ. ಹತ್ತಾರು ರೂಪಾಯಿಯ ಈ ಸಾಧನ ದುಬಾರಿ ಮೀಟರ್‌ಗಿಂತ ಬೇಗ ಉತ್ತರ ಕೊಡುತ್ತದೆ. ಎಲ್ಲ ಕೇಬಲ್‌ಗಳನ್ನೂ ಬಿಚ್ಚಿ, ಇನ್‌ಪುಟ್‌ಗೆ ಈ ಪ್ಲಗ್‌ಗಳನ್ನು ಸಿಕ್ಕಿಸಿ, ಸ್ಪೀಕರ್‌ಗೆ ಕಿವಿಕೊಡಿ. ಗುಂಯ್ ಇನ್ನೂ ಇದ್ದರೆ ದೋಷ ಪೆಟ್ಟಿಗೆಯ ಒಳಗಿದೆ. ನಿಶ್ಶಬ್ದವಾಗಿದ್ದು, ಟಿವಿಯನ್ನೋ ಲ್ಯಾಪ್‌ಟಾಪನ್ನೋ ಜೋಡಿಸಿದ ಕೂಡಲೇ ಶುರುವಾದರೆ ದೋಷ ಹೊರಗಿದೆ. ಪ್ಲಗ್ ಹಾಕದೆ ಬರಿದಾದ ಕೇಬಲ್ ತುದಿಯನ್ನು ಬೆರಳಿನಿಂದ ಮುಟ್ಟಿದಾಗ ಬರುವ ಜೋರು ಸದ್ದು ದೋಷವಲ್ಲ, ಅದಕ್ಕೆ ಹೆದರಬೇಡಿ.

ಒಳಗಿನ ದೋಷವಾದರೆ ವಾಲ್ಯೂಮ್ ತಿರುಗಿಸಿ ನೋಡಿ. ಸದ್ದು ವಾಲ್ಯೂಮ್ ಜೊತೆಗೆ ಏರಿಳಿದರೆ ಅದು ವಾಲ್ಯೂಮ್‌ಗಿಂತ ಮುಂಚಿನ ಭಾಗದಲ್ಲಿ ಸೇರುತ್ತಿದೆ: ಟೋನ್ ಬೋರ್ಡ್, ಇನ್‌ಪುಟ್ ತಂತಿ, ಸಾಕೆಟ್. ಏನೂ ಬದಲಾಗದಿದ್ದರೆ ಪವರ್ ಸಪ್ಲೈ ಅಥವಾ ಔಟ್‌ಪುಟ್ ಭಾಗದ ಗ್ರೌಂಡ್ ಕಡೆಗೆ ನೋಡಿ. ವಾಲ್ಯೂಮ್‌ನ ಲೋಹದ ದಂಡವನ್ನು ಮುಟ್ಟಿದಾಗ ಗುಂಯ್ ಕಡಿಮೆಯಾಗುತ್ತದೆಯೇ? ಹಾಗಿದ್ದರೆ ಆ ಪಾಟ್‌ನ (ವಾಲ್ಯೂಮ್‌ನ ತಿರುಗುವ ರೆಸಿಸ್ಟರ್‌ನ) ಮೈ ಗ್ರೌಂಡ್ ಆಗಿಲ್ಲ. ಒಂದು ಗೇಣು ತಂತಿಯಲ್ಲಿ ಮುಗಿಯುವ ಕೆಲಸ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಗುಂಯ್ ಕೇಳುತ್ತಿರುವಾಗ ಆಂಪ್ಲಿಫೈಯರ್‌ನ ಪ್ಲಗ್ ಕೀಳದೆ, ಗೋಡೆಯ ಸ್ವಿಚ್ ಮಾತ್ರ ಆರಿಸಿ. ಒಳಗಿನ ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ ಉಳಿದ ಶಕ್ತಿಯಿಂದ ಆಂಪ್ಲಿಫೈಯರ್ ಒಂದೆರಡು ಸೆಕೆಂಡು ಜೀವಂತವಾಗಿರುತ್ತದೆ. ಸ್ವಿಚ್ ಫೇಸನ್ನು ಮಾತ್ರ ಕಡಿಯುವುದರಿಂದ ಅರ್ತ್ ನಂಟು ಹಾಗೆಯೇ ಇರುತ್ತದೆ. ಸದ್ದು ಆ ಕ್ಷಣದಲ್ಲೇ ನಿಂತರೆ ಹೆಚ್ಚಿನ ಪಾಲು ಅದು ಇದೇ ಪೆಟ್ಟಿಗೆಯ ಟ್ರಾನ್ಸ್‌ಫಾರ್ಮರ್ ಅಥವಾ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನ ಕೆಲಸ. ಸಂಗೀತದಂತೆಯೇ ನಿಧಾನವಾಗಿ ಕರಗಿದರೆ ಹೊರಗಿನ ಉಪಕರಣಗಳ ನಡುವೆ ಉಂಗುರ (ಗ್ರೌಂಡ್‌ಗಳು ಎರಡು ದಾರಿಗಳಲ್ಲಿ ಸೇರಿ ಬೇಡದ ಕರೆಂಟು ಸುತ್ತುವ ಗ್ರೌಂಡ್ ಲೂಪ್) ಬಿದ್ದಿದೆ. ಸ್ಪೀಕರ್ ಕಡಿಯುವ ರಿಲೇ ಇರುವ ಪೆಟ್ಟಿಗೆಗಳಲ್ಲಿ ಮಾತ್ರ ಈ ಪರೀಕ್ಷೆ ನಡೆಯದು.

ಪೆಟ್ಟಿಗೆಯೊಳಗೆ: ಸರಪಳಿ, ನಕ್ಷತ್ರ, ಬಸ್, ತಾಮ್ರದ ಹಾಸು

ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಎಲ್‌ಎ 4440, ಟಿಡಿಎ 2030, ಎಲ್‌ಎಂ 3886 ಐಸಿಗಳ ಸಿದ್ಧ ಬೋರ್ಡ್‌ಗಳು, ಟೋನ್ ಕಂಟ್ರೋಲ್ ಬೋರ್ಡ್, 12-0-12 ಟ್ರಾನ್ಸ್‌ಫಾರ್ಮರ್ ಎಲ್ಲವೂ ಸಿಗುತ್ತವೆ. ಅವನ್ನು ತಂದು ಜೋಡಿಸುವವರು ಹೆಚ್ಚಾಗಿ ಮಾಡುವುದು ಸರಪಳಿ ಜೋಡಣೆ: ಪವರ್ ಸಪ್ಲೈನಿಂದ ಗ್ರೌಂಡ್ ಒಂದು ಬೋರ್ಡಿಗೆ, ಅಲ್ಲಿಂದ ಮತ್ತೊಂದಕ್ಕೆ, ಅಲ್ಲಿಂದ ಇನ್‌ಪುಟ್‌ಗೆ. ಕೈಗೆ ಸುಲಭ, ತಂತಿ ಕಡಿಮೆ. ನನ್ನ ಮೊದಲ ಎಲ್‌ಎಂ 3886 ಆಂಪ್ಲಿಫೈಯರನ್ನು ನಾನೂ ಹೀಗೆಯೇ ಕಟ್ಟಿದ್ದೆ.

ಅಲ್ಲಿ ಏನಾಗಿತ್ತು ಎಂಬುದನ್ನು ಅಂಕಿಗಳಲ್ಲಿ ಹೇಳಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ರೆಕ್ಟಿಫೈಯರ್‌ನಿಂದ ಕೆಪ್ಯಾಸಿಟರ್‌ಗೆ ಕರೆಂಟು ಸಮನಾಗಿ ಹರಿಯುವುದಿಲ್ಲ. ಪ್ರತಿ 10 ಮಿಲಿಸೆಕೆಂಡಿಗೊಮ್ಮೆ, ವೋಲ್ಟೇಜ್ ಶಿಖರಕ್ಕೇರಿದ ಒಂದೆರಡು ಮಿಲಿಸೆಕೆಂಡು ಮಾತ್ರ, ಒಂದು ಗುಟುಕಿನಂತೆ ನುಗ್ಗುತ್ತದೆ. ಆಂಪ್ಲಿಫೈಯರ್ ಸುಮ್ಮನಿದ್ದಾಗ ಆ ಗುಟುಕು ಒಂದು ಆಂಪಿಯರ್ ಎಂದಿಟ್ಟುಕೊಳ್ಳೋಣ. ಎರಡು ಕೆಪ್ಯಾಸಿಟರ್‌ಗಳ ನಡುವಿನ ಬಿಂದುವಿಗೂ ಟ್ರಾನ್ಸ್‌ಫಾರ್ಮರ್‌ನ ಸೆಂಟರ್ ಟ್ಯಾಪಿಗೂ (ಸುರುಳಿಯ ನಡುವಿನಿಂದ ಹೊರಬರುವ ತಂತಿಗೂ) ನಡುವೆ ನಾನು ಹಾಕಿದ್ದು 0.5 ಚದರ ಮಿಲಿಮೀಟರಿನ, ನಾಲ್ಕು ಸೆಂಟಿಮೀಟರ್ ತಂತಿ. ಅದರ ರೋಧ ಸುಮಾರು 1.4 ಮಿಲಿಓಮ್. ಅಂದರೆ ಪ್ರತಿ ಗುಟುಕಿಗೆ 1.4 ಮಿಲಿವೋಲ್ಟ್. ಇನ್‌ಪುಟ್ ಗ್ರೌಂಡನ್ನು ಆ ತಂತಿಯ ತಪ್ಪು ತುದಿಗೆ ಬೆಸೆದಿದ್ದರಿಂದ ಆ 1.4 ಮಿಲಿವೋಲ್ಟ್ ಸಂಗೀತದ ಜೊತೆಗೇ ಒಳಗೆ ಹೋಗಿ, 21 ಪಟ್ಟು ದೊಡ್ಡದಾಗಿ, ಸುಮಾರು 30 ಮಿಲಿವೋಲ್ಟ್ ಆಗಿ ಸ್ಪೀಕರ್‌ಗೆ ಬರುತ್ತಿತ್ತು. ರಾತ್ರಿಯ ಮೌನದಲ್ಲಿ ಅಷ್ಟು ಸಾಕು. ಜೋರಾಗಿ ಹಾಡಿಸಿದಾಗ ಗುಟುಕು ಎಂಟು ಹತ್ತು ಆಂಪಿಯರ್‌ಗೆ ಏರುತ್ತದೆ, ಅದರೊಂದಿಗೆ ಗುಂಯ್ ಕೂಡ ಏರಿ ಮಂದ್ರದ ಸ್ವರಗಳನ್ನು ಮಸುಕು ಮಾಡುತ್ತದೆ.

ಕಾವಿಗೆ ಒರಗಿಸಿಟ್ಟ ಬೆಸುಗೆ ಕಡ್ಡಿಯನ್ನು ತೆಗೆದುಕೊಂಡು ಆ ಒಂದು ಇನ್‌ಪುಟ್ ಗ್ರೌಂಡ್ ತಂತಿಯನ್ನು ಬಿಡಿಸಿ, ಒಂದೂವರೆ ಅಂಗುಲ ಆಚೆಗೆ, ಕೆಪ್ಯಾಸಿಟರ್‌ಗಳ ಬಳಿಯಿಂದ ಹೊರಟ ಹೊಸ ಬಿಂದುವಿಗೆ ಬೆಸೆದೆ. ಹೊಸ ಬಿಡಿಭಾಗ ಒಂದನ್ನೂ ಹಾಕಲಿಲ್ಲ. ಸ್ವಿಚ್ ಹಾಕಿದಾಗ ಸ್ಪೀಕರ್ ಆರಿದೆಯೇನೋ ಎಂದುಕೊಂಡು ಎದ್ದು ಹೋಗಿ ಅದರ ಕಾಗದದ ಕೋನ್ ಮುಟ್ಟಿ ನೋಡಿದ್ದೇನೆ.

ಆ ಹೊಸ ಬಿಂದುವೇ ನಕ್ಷತ್ರ ಜೋಡಣೆಯ ಹೃದಯ. ಎಲ್ಲ ಗ್ರೌಂಡ್ ತಂತಿಗಳೂ ಒಂದೇ ಬಿಂದುವಿಗೆ ಪ್ರತ್ಯೇಕವಾಗಿ ಬರುತ್ತವೆ: ಸ್ಪೀಕರ್‌ನ ಮರುದಾರಿ, ಪ್ರತಿ ಬೋರ್ಡಿನ ಪವರ್ ಗ್ರೌಂಡ್, ಇನ್‌ಪುಟ್ ಗ್ರೌಂಡ್. ಆದರೆ ಬಹಳ ಜನ ತಪ್ಪುವ ಜಾಗ ಇಲ್ಲಿದೆ. ಅವರು ನಕ್ಷತ್ರದ ಬಿಂದುವನ್ನು ಎರಡು ಕೆಪ್ಯಾಸಿಟರ್‌ಗಳ ನಡುವಿನ ತಂತಿಯ ಮೇಲೆಯೇ ಇಡುತ್ತಾರೆ. ಆ ತಂತಿ ಗುಟುಕುಗಳು ಓಡಾಡುವ ದಾರಿ. ಸೆಂಟರ್ ಟ್ಯಾಪ್ ಮತ್ತು ಎರಡು ಕೆಪ್ಯಾಸಿಟರ್‌ಗಳು ತಮ್ಮ ನಡುವೆಯೇ ಕೂಡಲಿ. ಅಲ್ಲಿಂದ ಒಂದೇ ಒಂದು ದಪ್ಪ, ಗಿಡ್ಡ ತಂತಿ ಟಿ ಆಕಾರದಲ್ಲಿ ಹೊರಡಲಿ. ಅದರ ಕೊನೆಯಲ್ಲಿ ನಕ್ಷತ್ರ ಇರಲಿ.

ನಕ್ಷತ್ರಕ್ಕೂ ದೌರ್ಬಲ್ಯವಿದೆ. ಒಂದೇ ಪವರ್ ಸಪ್ಲೈನಿಂದ ಎರಡು ಚಾನೆಲ್ ನಡೆಸಿದರೆ, ಎರಡರ ಇನ್‌ಪುಟ್ ಗ್ರೌಂಡ್‌ಗಳು ಒಳಗೆ ನಕ್ಷತ್ರದಲ್ಲಿ ಸೇರುತ್ತವೆ, ಹೊರಗೆ ಪ್ಲೇಯರ್‌ನಲ್ಲಿ ಮತ್ತೊಮ್ಮೆ ಸೇರುತ್ತವೆ. ಒಂದು ಉಂಗುರ ಮುಗಿಯಿತು. ಇದಕ್ಕೆ ಪ್ರತಿ ಬೋರ್ಡಿನಲ್ಲಿ ಸಿಗ್ನಲ್ ಗ್ರೌಂಡ್ ಮತ್ತು ಪವರ್ ಗ್ರೌಂಡ್ ನಡುವೆ 10 ಓಮ್‌ನ ಸಣ್ಣ ರೆಸಿಸ್ಟರ್ ಹಾಕುವುದು ಒಳ್ಳೆಯ ರೂಢಿ. ಎಡಬಲದ ಇನ್‌ಪುಟ್ ತಂತಿಗಳನ್ನು ಒಟ್ಟಿಗೇ, ಸಿಗ್ನಲ್ ಮತ್ತು ಗ್ರೌಂಡ್ ಒಂದಕ್ಕೊಂದು ಹೆಣೆದು ಎಳೆಯಿರಿ. ಉಂಗುರದ ವಿಸ್ತಾರ ಕಿರಿದಾದಷ್ಟೂ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ಅದರೊಳಗೆ ಹಾಯುವುದು ಕಡಿಮೆ.

ಬಸ್ ಜೋಡಣೆ ಎಂದರೆ ದಪ್ಪ ತಾಮ್ರದ ತಂತಿಯೊಂದು ಪೆಟ್ಟಿಗೆಯ ಈ ತುದಿಯಿಂದ ಆ ತುದಿಗೆ. ನೋಡಲು ಸರಪಳಿಯಂತೆಯೇ ಇದ್ದರೂ ಇದಕ್ಕೆ ಕ್ರಮವಿದೆ: ಒಂದು ತುದಿಯಲ್ಲಿ ಪವರ್ ಸಪ್ಲೈ, ಪಕ್ಕದಲ್ಲಿ ಔಟ್‌ಪುಟ್ ಹಂತ, ಆಮೇಲೆ ನಡುವಿನ ಹಂತ, ದೂರದ ತುದಿಯಲ್ಲಿ ಇನ್‌ಪುಟ್. ದೊಡ್ಡ ಕರೆಂಟು ಸಣ್ಣ ಸಿಗ್ನಲ್‌ನ ಜಾಗವನ್ನು ಹಾಯುವುದೇ ಇಲ್ಲ. ವಾಲ್ವ್ ಆಂಪ್ಲಿಫೈಯರ್ ಕಟ್ಟುವವರಿಗೆ ನಾನು ನಕ್ಷತ್ರಕ್ಕಿಂತ ಇದನ್ನೇ ಹೇಳುತ್ತೇನೆ. ಅಲ್ಲಿ ಹೈವೋಲ್ಟೇಜ್ ಕಡೆಯ ಕರೆಂಟು ಮಿಲಿಆಂಪಿಯರ್‌ಗಳ ಲೆಕ್ಕದ್ದು, ಹಂತಗಳು ಸಾಲಾಗಿಯೇ ಇರುತ್ತವೆ.

ತಾಮ್ರದ ಹಾಸು, ಅಂದರೆ ಪಿಸಿಬಿಯ ಒಂದು ಪದರವನ್ನೇ ಪೂರ್ತಿ ಗ್ರೌಂಡ್ ಮಾಡುವುದು, ಟಿಪಿಎ 3116ರಂಥ ಕ್ಲಾಸ್ ಡಿ ಬೋರ್ಡ್‌ಗಳಿಗೆ ಬೇಕೇ ಬೇಕು. ಲಕ್ಷಗಟ್ಟಲೆ ಹರ್ಟ್ಸ್‌ನಲ್ಲಿ ಸ್ವಿಚ್ ಆಗುವ ಕರೆಂಟಿಗೆ ಉದ್ದ ತಂತಿಯ ನಕ್ಷತ್ರ ಒಗ್ಗುವುದಿಲ್ಲ. ಅದನ್ನು ಬೋರ್ಡ್ ತಯಾರಿಸಿದವರು ಮಾಡಿಟ್ಟಿರುತ್ತಾರೆ, ನೀವು ಮುಟ್ಟುವ ಅಗತ್ಯವಿಲ್ಲ.

ಹಾಗಾದರೆ ಯಾವುದು? ಬೆಸುಗೆ ಹೊಸದಾಗಿ ಕಲಿಯುತ್ತಿದ್ದರೆ ಕ್ಲಾಸ್ ಡಿ ಬೋರ್ಡ್ ಮತ್ತು ಹೊರಗಿನ ಒಳ್ಳೆಯ ಅಡಾಪ್ಟರ್‌ನಿಂದ ಆರಂಭಿಸಿ. 230 ವೋಲ್ಟ್ ನಿಮ್ಮ ಪೆಟ್ಟಿಗೆಯೊಳಗೆ ಬರುವುದೇ ಇಲ್ಲ, ಗುಟುಕುಗಳೂ ಹೊರಗೇ ಉಳಿಯುತ್ತವೆ. ಟ್ರಾನ್ಸ್‌ಫಾರ್ಮರ್ ಇಟ್ಟು ಕಟ್ಟುವವರಿಗೆ ಟಿ ಕೊಂಬೆಯ ನಕ್ಷತ್ರ. ಸರಪಳಿಯನ್ನು ಯಾರಿಗೂ ಹೇಳಲಾರೆ. ಈಗಾಗಲೇ ಸರಪಳಿಯಲ್ಲಿರುವ ಪೆಟ್ಟಿಗೆಯಾದರೆ ಎಲ್ಲವನ್ನೂ ಕಿತ್ತುಹಾಕಬೇಡಿ. ಇನ್‌ಪುಟ್ ಗ್ರೌಂಡ್ ಮತ್ತು ಸ್ಪೀಕರ್ ಗ್ರೌಂಡ್ ಎರಡನ್ನು ಮಾತ್ರ ಬೇರ್ಪಡಿಸಿ ತಂದರೂ ಮುಕ್ಕಾಲು ಪಾಲು ಸದ್ದು ಹೋಗುತ್ತದೆ. ಮುಚ್ಚಳ ತೆಗೆಯುವ ಮೊದಲು ಪ್ಲಗ್ ಕೀಳಿ, ತೆಗೆದ ಮೇಲೆ ಏನನ್ನೂ ಮುಟ್ಟುವ ಮೊದಲು ಕೆಪ್ಯಾಸಿಟರ್ ಖಾಲಿಯಾಗಿದೆಯೇ ಎಂದು ಮೀಟರ್‌ನಲ್ಲಿ ನೋಡಿ.

ಲೋಹದ ಪೆಟ್ಟಿಗೆಗೂ ಸಿಗ್ನಲ್ ಗ್ರೌಂಡ್‌ಗೂ ನಂಟು

ಲೋಹದ ಪೆಟ್ಟಿಗೆ ಅರ್ತ್‌ಗೆ ನೇರವಾಗಿ ಸೇರಬೇಕು. ಇದರಲ್ಲಿ ಆಯ್ಕೆ ಇಲ್ಲ. ಬಣ್ಣ ಕೆರೆದ ಜಾಗದಲ್ಲಿ, ಹಲ್ಲಿನ ವಾಷರ್ ಹಾಕಿ, ಅದಕ್ಕೆಂದೇ ಇಟ್ಟ ಪ್ರತ್ಯೇಕ ಬೋಲ್ಟಿನಲ್ಲಿ ಬಿಗಿಯಿರಿ. ಟ್ರಾನ್ಸ್‌ಫಾರ್ಮರ್ ಹಿಡಿದಿರುವ ಬೋಲ್ಟನ್ನು ಇದಕ್ಕೆ ಬಳಸಬೇಡಿ.

ಆಯ್ಕೆ ಇರುವುದು ಸಿಗ್ನಲ್ ಗ್ರೌಂಡನ್ನು ಆ ಪೆಟ್ಟಿಗೆಗೆ ಹೇಗೆ ಸೇರಿಸುವುದು ಎಂಬುದರಲ್ಲಿ. ನೇರವಾಗಿ ಸೇರಿಸುವುದು ಅತ್ಯಂತ ಸರಳ, ಅತ್ಯಂತ ಸುರಕ್ಷಿತ. ಮೊಬೈಲಿನಿಂದಲೋ ಎರಡು ಪಿನ್ನಿನ ಪ್ಲೇಯರ್‌ನಿಂದಲೋ ಹಾಡು ಕೇಳುವ ಮನೆಯಲ್ಲಿ ಇಷ್ಟೇ ಸಾಕು, ಅರ್ತ್ ಆದ ಎರಡನೆಯ ಉಪಕರಣವೇ ಇಲ್ಲದಿದ್ದರೆ ಉಂಗುರ ಬೀಳುವುದೆಲ್ಲಿ? ಮೂರು ಪಿನ್ನಿನ ಕಂಪ್ಯೂಟರ್, ಕೇಬಲ್ ಟಿವಿಯ ಸೆಟ್‌ಟಾಪ್ ಬಾಕ್ಸ್ ಇವೆಲ್ಲ ಒಂದೇ ಆಂಪ್ಲಿಫೈಯರ್‌ಗೆ ಬರುವುದಾದರೆ ನಡುವೆ ಒಂದು ತಡೆ ಇಡುವುದು ಮೇಲು. 35 ಆಂಪಿಯರ್‌ನ ಬ್ರಿಡ್ಜ್ ರೆಕ್ಟಿಫೈಯರ್ ತೆಗೆದುಕೊಂಡು ಅದರ ಪ್ಲಸ್ ಮೈನಸ್ ಕಾಲುಗಳನ್ನು ಒಂದಕ್ಕೊಂದು ಬೆಸೆದು, ಎರಡು ಎಸಿ ಕಾಲುಗಳಲ್ಲಿ ಒಂದನ್ನು ನಕ್ಷತ್ರಕ್ಕೂ ಇನ್ನೊಂದನ್ನು ಪೆಟ್ಟಿಗೆಗೂ ಸೇರಿಸುವುದು. ಅದಕ್ಕೆ ಅಡ್ಡಲಾಗಿ 10 ಓಮ್ ರೆಸಿಸ್ಟರ್, 0.1 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್. ಉಂಗುರದಲ್ಲಿ ಓಡುವ ಸಣ್ಣ ವೋಲ್ಟೇಜ್ ಹೆಚ್ಚಿನ ಪಾಲು ಆ 10 ಓಮ್ ಮೇಲೆ ಬೀಳುತ್ತದೆ. ಕೇಬಲ್‌ನ ಹೊರಜಾಲರಿಯ ರೋಧ 0.1 ಓಮ್ ಎಂದರೂ ಅದರ ಪಾಲಿಗೆ ಬರುವುದು ಸುಮಾರು ನೂರರಲ್ಲಿ ಒಂದು ಭಾಗ. ಇನ್ಸುಲೇಷನ್ ಒಡೆದು ದೊಡ್ಡ ಕರೆಂಟು ನುಗ್ಗಿದರೆ ಡಯೋಡ್‌ಗಳು ತೆರೆದುಕೊಂಡು ಅದನ್ನು ಅರ್ತ್‌ಗೆ ಹರಿಸುತ್ತವೆ, ಎಂಸಿಬಿ (ಮನೆಯ ಸರ್ಕ್ಯೂಟ್ ಬ್ರೇಕರ್) ಬೀಳುತ್ತದೆ. ಅಲ್ಲಿಯವರೆಗೆ ತಡೆದುಕೊಳ್ಳಲೆಂದೇ ಅಷ್ಟು ದೊಡ್ಡ ಬ್ರಿಡ್ಜ್. ಜೇಬಿನ ಉಳಿತಾಯಕ್ಕೆ ಒಂದು ಆಂಪಿಯರ್‌ನ ಡಯೋಡ್ ಹಾಕಬೇಡಿ. ಈ ತಡೆ ಇಟ್ಟರೆ ಆರ್‌ಸಿಎ ಸಾಕೆಟ್‌ಗಳು ಪೆಟ್ಟಿಗೆಯ ಲೋಹಕ್ಕೆ ತಾಗದಂತೆ ಪ್ಲಾಸ್ಟಿಕ್ ವಾಷರ್ ಇರಲೇಬೇಕು, ಇಲ್ಲವಾದರೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

ಕಂಪನಿಯ ಎರಡು ಪಿನ್ನಿನ ಆಂಪ್ಲಿಫೈಯರ್‌ಗಳ ಹಿಂದೆ ಚೌಕದೊಳಗೆ ಚೌಕದ ಗುರುತಿರುತ್ತದೆ. ಅದು ಎರಡು ಪದರ ಇನ್ಸುಲೇಷನ್‌ನ ವಿನ್ಯಾಸ, ಅರ್ತ್ ಇಲ್ಲದೆಯೂ ಸುರಕ್ಷಿತ. ಮನೆಯಲ್ಲಿ ಕಟ್ಟಿದ ಪೆಟ್ಟಿಗೆಯನ್ನು ಆ ಮಟ್ಟಕ್ಕೆ ತರುವುದು ಕಷ್ಟ, ಆ ದಾರಿ ಹಿಡಿಯಬೇಡಿ.

ಹೊರಗಿನ ಉಂಗುರ

ಇಲ್ಲಿ ಅಗ್ಗದಿಂದ ದುಬಾರಿಯ ಕಡೆಗೆ ಹೋಗುವುದೇ ಸರಿ. ಟಿವಿ, ಆಂಪ್ಲಿಫೈಯರ್, ಪ್ಲೇಯರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಬೇರೆ ಬೇರೆ ಗೋಡೆಯ ಸಾಕೆಟ್‌ಗಳ ಅರ್ತ್‌ಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇರುತ್ತದೆ, ಒಂದೇ ಬೋರ್ಡಿನಲ್ಲಿ ಅದು ಇಲ್ಲವಾಗುತ್ತದೆ. ಖರ್ಚಿಲ್ಲ.

ಗುಂಯ್ ಉಳಿದರೆ ಸೆಟ್‌ಟಾಪ್ ಬಾಕ್ಸ್‌ನ ಹಿಂದಿನ ಕೇಬಲ್ ಅನ್ನು ತಿರುಗಿಸಿ ಬಿಚ್ಚಿ. ನಮ್ಮ ಮನೆಗಳಲ್ಲಿ ಅಪರಾಧಿ ಹಲವು ಬಾರಿ ಇದೇ. ಬಾಕ್ಸ್‌ನ ಅಡಾಪ್ಟರ್ ಎರಡು ಪಿನ್ನಿನದಾದರೂ, ಕೇಬಲ್‌ನ ಹೊರಜಾಲರಿ ಬೀದಿಯ ಕಂಬದಿಂದಲೋ ಪಕ್ಕದ ಕಟ್ಟಡದಿಂದಲೋ ಬೇರೆಯದೇ ಅರ್ತನ್ನು ಮನೆಯೊಳಗೆ ತರುತ್ತದೆ. ಬಿಚ್ಚಿದ ಕೂಡಲೇ ಸದ್ದು ನಿಂತರೆ ಕೇಬಲ್‌ಗೆ ಹಾಕುವ ಐಸೊಲೇಟರ್ ಸಾಕು. ಆಂಪ್ಲಿಫೈಯರ್‌ನಲ್ಲಿ ಏನನ್ನೂ ಬದಲಿಸಬೇಡಿ.

ಟಿವಿಯಲ್ಲಿ ಆಪ್ಟಿಕಲ್ ಔಟ್ ಇದ್ದರೆ ನನ್ನ ಮತ ಅದಕ್ಕೇ. 1983ರಲ್ಲಿ ತೋಷಿಬಾ ತಂದ ಟಾಸ್‌ಲಿಂಕ್‌ನಲ್ಲಿ ಬರುವುದು ಬೆಳಕು, ತಾಮ್ರವೇ ಇಲ್ಲದಿರುವಾಗ ಉಂಗುರವೂ ಇಲ್ಲ. ಆಂಪ್ಲಿಫೈಯರ್‌ಗೆ ಆಪ್ಟಿಕಲ್ ಇನ್‌ಪುಟ್ ಇಲ್ಲದಿದ್ದರೆ ನಡುವೆ ಡಿಜಿಟಲ್ ಸಿಗ್ನಲನ್ನು ಅನಲಾಗ್ ಮಾಡುವ ಸಣ್ಣ ಡ್ಯಾಕ್ ಬೇಕು. ಬ್ಲೂಟೂತ್ ಕೂಡ ಉಂಗುರವನ್ನು ಕಡಿಯುತ್ತದೆ, ಆದರೆ ಸಿನಿಮಾ ನೋಡುವಾಗ ತುಟಿಯೂ ಮಾತೂ ಹಲವು ಬಾರಿ ಹೊಂದುವುದಿಲ್ಲ.

ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅನಲಾಗ್ ದಾರಿಯ ಉತ್ತರ. ಅಗ್ಗದ ಚಿಕ್ಕ ಡಬ್ಬಿಗಳು ಗುಂಯ್ ನಿಲ್ಲಿಸುತ್ತವೆ, ಜೊತೆಗೆ ಮೃದಂಗದ ಎಡಗೈಯ ಸದ್ದನ್ನೂ ತಿನ್ನುತ್ತವೆ. ಚಿಕ್ಕ ಕೋರ್ ಕೆಳಸ್ವರಗಳಲ್ಲಿ ಬೇಗ ಸ್ಯಾಚುರೇಟ್ ಆಗುತ್ತದೆ. ಒಳ್ಳೆಯದಕ್ಕೆ ಬೆಲೆ ಹೆಚ್ಚು. ಬೇರೆ ದಾರಿ ಇಲ್ಲದಾಗ ಮಾತ್ರ ಕೊಳ್ಳಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ನಿಂತರೆ, ಹಾಡು ಯುಎಸ್‌ಬಿ ಡ್ಯಾಕ್ ಮೂಲಕ ಬರುತ್ತಿದ್ದ ಪಕ್ಷದಲ್ಲಿ, ಯುಎಸ್‌ಬಿ ಐಸೊಲೇಟರ್ ನಿಮ್ಮ ಉತ್ತರ.

ಸಂಗೀತಕ್ಕೆಂದೇ ಹಿತ್ತಲಿನಲ್ಲಿ ಪ್ರತ್ಯೇಕ ಅರ್ತ್ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹುಯ್ಯುವವರನ್ನು ಕಂಡಿದ್ದೇನೆ. ಮನೆಯ ಅರ್ತ್ ಚೆನ್ನಾಗಿರಬೇಕು ನಿಜ. ಹಳೆಯ ಮನೆಗಳಲ್ಲಿ ಸಾಕೆಟ್‌ನ ಮೇಲಿನ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಫೇಸಿನಿಂದ ಅರ್ತ್‌ಗೆ ಮೀಟರ್ ಇಟ್ಟಾಗ 230ರ ಹತ್ತಿರ ತೋರಿಸದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಆದರೆ ಮನೆಯ ಅರ್ತ್‌ಗೆ ಸೇರದ ಎರಡನೆಯ ಗುಂಡಿ ಇನ್ನೊಂದು ವ್ಯತ್ಯಾಸವನ್ನು, ಇನ್ನೊಂದು ಉಂಗುರವನ್ನು ತರುತ್ತದೆ. ದೋಷವಾದಾಗ ಎಂಸಿಬಿ ಬೀಳುವಷ್ಟು ಕರೆಂಟನ್ನು ಅದು ಒಯ್ಯಲಾರದು.

ಗ್ರೌಂಡಿಂಗ್‌ನಿಂದ ಹೋಗದ ಗುಂಯ್

ಕರೆಂಟು ಹೋದಾಗ ಮಾತ್ರ ಕರ್ಕಶವಾದ ಸದ್ದು ಬರುತ್ತದೆಯೇ? ನಿಮ್ಮ ಯುಪಿಎಸ್ ಸ್ಕ್ವೇರ್ ವೇವ್‌ನದು. ಅದರ ಚೂಪು ಅಂಚುಗಳಲ್ಲಿ ಮೇಲಿನ ಹಾರ್ಮೋನಿಕ್‌ಗಳು ತುಂಬಿರುತ್ತವೆ. ನಕ್ಷತ್ರವೂ ತಡೆಯೂ ಅದನ್ನು ಗುಣಪಡಿಸುವುದಿಲ್ಲ. ಮುಂದಿನ ಬಾರಿ ಸೈನ್ ವೇವ್ ತೆಗೆದುಕೊಳ್ಳಿ.

ಸ್ಪೀಕರ್ ಬಿಚ್ಚಿದರೂ ಪೆಟ್ಟಿಗೆಯೇ ಗುನುಗುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರ್‌ನ ಪಟ್ಟಿಗಳ ಕಂಪನ, ರಬ್ಬರ್ ಹಾಸಿನ ವಿಷಯ. ಸ್ಪೀಕರ್‌ನಲ್ಲೇ ಮೆತ್ತನೆಯ 50 ಹರ್ಟ್ಸ್ ಉಳಿದಿದ್ದರೆ ಕಾಂತಕ್ಷೇತ್ರ ಇನ್‌ಪುಟ್‌ಗೆ ತಾಗುತ್ತಿದೆ. ಬಳೆಯಾಕಾರದ ಟೊರಾಯ್ಡ್‌ನಲ್ಲಿ ಈ ಸೋರಿಕೆ ಕಡಿಮೆ, ಚೌಕದ ಇಐ ಟ್ರಾನ್ಸ್‌ಫಾರ್ಮರ್‌ನಲ್ಲಿ ಹೆಚ್ಚು. ಎರಡಕ್ಕೂ ಒಂದೇ ಉಪಾಯ: ಬೋಲ್ಟ್ ಬಿಗಿಯುವ ಮೊದಲು ಕರೆಂಟು ಆರಿಸಿ, ಟ್ರಾನ್ಸ್‌ಫಾರ್ಮರನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಹಚ್ಚಿ ಕೇಳಿ. ಯಾವುದೋ ಒಂದು ಕೋನದಲ್ಲಿ ಸದ್ದು ಕುಸಿಯುತ್ತದೆ. ಅಲ್ಲಿಯೇ ತೂತು ಕೊರೆಯಿರಿ.

ರೆಕಾರ್ಡ್ ಪ್ಲೇಯರ್ ಇರುವವರು ಈ ಎಲ್ಲದರಲ್ಲಿಯೂ ಎರಡು ಪಟ್ಟು ಎಚ್ಚರವಾಗಿರಬೇಕು. ಮುಳ್ಳಿನ ಕಾರ್ಟ್ರಿಡ್ಜ್‌ನಿಂದ ಬರುವುದು ಐದು ಮಿಲಿವೋಲ್ಟ್ ಆಸುಪಾಸು. ಅದರ ಮೇಲೆ, ರೆಕಾರ್ಡಿನಲ್ಲಿ ತಗ್ಗಿಸಿ ಕೆತ್ತಿದ ಕೆಳಸ್ವರಗಳನ್ನು ಮತ್ತೆ ಏರಿಸುವ ಆರ್‌ಐಎಎ ಈಕ್ವಲೈಸೇಷನ್ 50 ಹರ್ಟ್ಸನ್ನು ಒಂದು ಕಿಲೊಹರ್ಟ್ಸ್‌ಗೆ ಹೋಲಿಸಿದರೆ ಸುಮಾರು 17 ಡೆಸಿಬೆಲ್ ಎತ್ತಿಹಿಡಿಯುತ್ತದೆ. ಪ್ಲೇಯರ್‌ನ ಹಿಂದೆ ಆರ್‌ಸಿಎ ಜೊತೆಗೆ ಇಳಿಬಿದ್ದಿರುವ ತೆಳು ತಂತಿ ಟೋನ್‌ಆರ್ಮ್‌ನ ಲೋಹದಿಂದ ಬಂದದ್ದು. ಅದನ್ನು ಆಂಪ್ಲಿಫೈಯರ್‌ನ ಗ್ರೌಂಡ್ ಸ್ಕ್ರೂಗೆ ಬಿಗಿಯಿರಿ, ಗೋಡೆಯ ಅರ್ತ್‌ಗೆ ಕೊಡಬೇಡಿ. ಪ್ಲೇಯರ್ ಆಂಪ್ಲಿಫೈಯರ್‌ನ ಮೇಲೆ ಕೂತಿದ್ದರೆ ಪಕ್ಕದ ಮೇಜಿಗೆ ಸರಿಸಿ, ಟ್ರಾನ್ಸ್‌ಫಾರ್ಮರ್ ಇರುವ ಬದಿ ಅದರಿಂದ ದೂರವಾಗುವಂತೆ ಪೆಟ್ಟಿಗೆಯನ್ನು ಇಡಿ.